ಆಲ್ಕೋಹಾಲ್ ಮೇಡಂ

ತೀರಿಹೋದವರ ಬಗ್ಗೆ ಬರೆಯುವಾಗ ಹೆಸರು, ಹುಟ್ಟಿದ ಊರು, ಓದಿದ ಕಾಲೇಜು ಎಂದು ಶುರುಮಾಡುವುದು ಕ್ರಮ. ನಾನು ಹೆಸರು ಬರೆಯುವುದಿಲ್ಲ. ಅವರ ಅತ್ತೆ ಇನ್ನೂ ಬದುಕಿದ್ದಾರೆ. ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕಾಗಿದೆ. ಯಾರಾದರೂ ಪುಣ್ಯಾತ್ಮರು ಈ ಬರಹವನ್ನು ಆ ಮುದುಕಿಯ ಪಕ್ಕ ಕುಳಿತು ಗಟ್ಟಿಯಾಗಿ ಓದಿ ಹೇಳಿದರೆ ಆಕೆಯ ಕಥೆ ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಅಂಥ ಪುಣ್ಯಾತ್ಮರಿಗೆ ಯಾವತ್ತೂ ಬರವಿಲ್ಲ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಗಂಡ ಕುಡಿದು ಸತ್ತದ್ದಲ್ಲ. ಸಿದ್ಧಕಟ್ಟೆಯಿಂದ ಬಂಟ್ವಾಳ ಪೇಟೆಯವರೆಗೆ ಯಾರನ್ನು ಕೇಳಿದರೂ "ಕೆಮಿಸ್ಟ್ರಿ ಟೀಚರ್ ಗಂಡ ಅಲ್ವಾ, ಕುಡಿದು ಹೋದದ್ದು" ಎನ್ನುತ್ತಾರೆ. ಅದು ಸುಳ್ಳು. ಸತ್ಯ ಗೊತ್ತಿದ್ದದ್ದು ಒಬ್ಬರಿಗೆ. ಅವರು ಈ ಮಳೆಗಾಲ ಶುರುವಾಗುವ ಮೊದಲು ಸಣ್ಣ ಕಾಯಿಲೆಯಲ್ಲಿ ತೀರಿಕೊಂಡರು. ಈಗ ಗೊತ್ತಿರುವುದು ನನಗೆ. ನುಂಗಲಾರದ, ಉಗುಳಲಾರದ ಬಿಸಿತುಪ್ಪ.

ಮೂಡುಬಿದಿರೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ, ನಾನು ಕನ್ನಡ. ಬೆಳಿಗ್ಗೆ ಸಿದ್ಧಕಟ್ಟೆಯಲ್ಲಿ ಒಂದೇ ಬಸ್ಸು ಹತ್ತುತ್ತಿದ್ದೆವು. ಗಂಜಿ ಹಾಕಿ ಬಿರುಸಾದ ಕಾಟನ್ ಸೀರೆ, ಸೆರಗಿನಲ್ಲಿ ಆಸಿಡ್ ಬಿದ್ದು ಆದ ಸಣ್ಣ ಸಣ್ಣ ತೂತುಗಳು. ಆ ತೂತುಗಳಿಗಾಗಿ ಸೀರೆ ಬಿಸಾಡಿದವರಲ್ಲ. ಹೆಗಲ ಪಿನ್ನಿನಲ್ಲಿ ಒಂದು ಬೀಗದ ಕೈ ತೂಗುತ್ತಿತ್ತು. ಅದು ಲ್ಯಾಬಿನಲ್ಲಿ ಸ್ಪಿರಿಟ್ ಇಡುವ ಕಪಾಟಿನದು. ಗಾಜು ಒರೆಸಲಿಕ್ಕೆ ಚೂರು ಸ್ಪಿರಿಟ್ ಕೊಡಿ ಮೇಡಂ ಎಂದು ಅಟೆಂಡರ್ ಕೇಳಿದರೆ "ಸೋಪುನೀರು ಉಂಟು" ಎನ್ನುತ್ತಿದ್ದರು. ಮಾತು ಅಲ್ಲಿಗೆ ಮುಕ್ತಾಯ.

ಮಕ್ಕಳು ಅವರಿಗಿಟ್ಟ ಹೆಸರು ಆಲ್ಕೋಹಾಲ್ ಮೇಡಂ. ಆ ಪಾಠವನ್ನು ಅವರಷ್ಟು ಚೆನ್ನಾಗಿ ಮಾಡುವವರು ಸುತ್ತಮುತ್ತ ಇರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಮನೆಯದ್ದು. ಹದಿನೇಳು ವರ್ಷದ ಮಕ್ಕಳಿಗೆ ಅಧ್ಯಾಪಕರ ಮನೆಯ ಸಂಗತಿ ಪಠ್ಯಕ್ಕಿಂತ ಮೊದಲು ಬಾಯಿಪಾಠ ಆಗಿರುತ್ತದೆ.

ಅವರ ಲ್ಯಾಬಿನಲ್ಲಿ ಕಿಟಕಿಗಳು ದೊಡ್ಡವು, ಗಾಳಿ ಚೆನ್ನಾಗಿ ಬರುತ್ತಿತ್ತು. ಬಿಡುವಿನ ಪೀರಿಯಡ್ಡುಗಳಲ್ಲಿ ನಾನು ಉತ್ತರಪತ್ರಿಕೆಗಳ ಕಟ್ಟು ಹಿಡಿದುಕೊಂಡು ಅಲ್ಲಿಗೇ ಹೋಗಿ ಕೂರುತ್ತಿದ್ದೆ. ಹಾಗಾಗಿ ಕೆಮಿಸ್ಟ್ರಿಯ ಗಂಧಗಾಳಿ ಇಲ್ಲದ ನನಗೂ ಒಂದು ಪಾಠ ಬಂತು, ಅದು ಇದೇ. ಬೆಲ್ಲದ ನೀರಿಗೆ ಯೀಸ್ಟ್ ಹಾಕಿ ಬೆಚ್ಚಗಿಟ್ಟ ಫ್ಲಾಸ್ಕನ್ನು ಅವರು ಒಬ್ಬೊಬ್ಬರ ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಒಳಗಿಂದ ಸೊಂಯ್ ಎಂಬ ಸಣ್ಣ ಸದ್ದು. "ಕೇಳ್ತದಾ? ತಿನ್ನುವ ಶಬ್ದ ಅದು. ಸಕ್ಕರೆ ತಿಂದು ಆಲ್ಕೋಹಾಲ್ ಬಿಡ್ತವೆ. ಬಿಟ್ಟು ಬಿಟ್ಟು ಕೊನೆಗೆ ತಾವೇ ಮಾಡಿದ ಆಲ್ಕೋಹಾಲಲ್ಲಿ ತಾವೇ ಸಾಯ್ತವೆ. ಬುದ್ಧಿ ಇಲ್ಲ ಅವಕ್ಕೆ."

ಒಂದು ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಮೇಡಂ, ಯೀಸ್ಟಿಗೆ ಹೆಂಡತಿ ಇರ್ಲಿಲ್ವಾ?"

ನನಗೆ ಎದ್ದು ಹೋಗಿ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಅವರು ಫ್ಲಾಸ್ಕನ್ನು ಮೇಜಿನ ಮೇಲಿಟ್ಟರು.

"ಇದ್ದಿರ್ಬಹುದು ಮಾರಾಯ. ಅವಳು ಕೆಮಿಸ್ಟ್ರಿ ಪಾಠ ಮಾಡ್ಲಿಕ್ಕೆ ಹೋಗಿರ್ತಾಳೆ. ಈಗ ಸಮೀಕರಣ ಬರೀರಿ" ಎಂದರು.

ಆಲ್ಕೋಹಾಲಿಗೆ ಸಾಂದ್ರ ಸಲ್ಫ್ಯೂರಿಕ್ ಆಸಿಡ್ ಸೇರಿಸಿ ಕಾಯಿಸುವ ಪ್ರಯೋಗದಲ್ಲಿ ಅವರು ಥರ್ಮಾಮೀಟರಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಶಾಖ ಸ್ವಲ್ಪ ಕಮ್ಮಿಯಾದರೆ ಈಥರ್, ಹೆಚ್ಚಾದರೆ ಎಥಿಲೀನ್. ಸಾಮಾನು ಎರಡೂ ಅವೇ. "ನಾವು ನೋಡ್ತಾ ಇರ್ಬೇಕು, ಅಷ್ಟೇ. ನೋಡ್ತಾ ಇದ್ರೆ ಏನೂ ಆಗುದಿಲ್ಲ" ಎನ್ನುತ್ತಿದ್ದರು. ಈ ನಂಬಿಕೆಯಲ್ಲೇ ಅವರ ಬದುಕು ನಡೆದಿತ್ತೆಂದು ಈಗ ಅನಿಸುತ್ತದೆ.

ಅವರು ಹೆಚ್ಚು ಹೊತ್ತು ಕೊಡುತ್ತಿದ್ದದ್ದು ಉತ್ಕರ್ಷಣದ ಪಾಠಕ್ಕೆ. ಕಿತ್ತಳೆ ಬಣ್ಣದ ಡೈಕ್ರೋಮೇಟಿಗೆ ಆಲ್ಕೋಹಾಲ್ ಸೇರಿಸಿ ಬಿಸಿ ಮಾಡಿದರೆ ಅದು ಹಸಿರಾಗುತ್ತದೆ. ಆಲ್ಕೋಹಾಲ್ ಮೊದಲು ಆಲ್ಡಿಹೈಡ್ ಆಗುತ್ತದೆ, ಆಮೇಲೆ ಅಸಿಟಿಕ್ ಆಸಿಡ್, ಅಂದರೆ ವಿನೆಗರಿನ ಹುಳಿ. ಬೋರ್ಡಿನ ಮೇಲೆ ಎರಡು ಬಾಣ ಎಳೆದು, ನಡುವಿನ ಆಲ್ಡಿಹೈಡಿಗೆ ಸುತ್ತು ಹಾಕುತ್ತಿದ್ದರು. "ಕುಡಿದವರ ಲಿವರಿನಲ್ಲಿಯೂ ಇದೇ ಆಗುದು. ಆಚೆದು ಸಾರಾಯಿ, ಈಚೆದು ಹುಳಿ. ಎರಡನ್ನೂ ದೇಹ ಸಹಿಸ್ತದೆ. ನಡುವಿನದ್ದು ವಿಷ. ಅದು ಅಲ್ಲಿ ನಿಲ್ಲದೆ ಮುಂದೆ ಹೋಗ್ತಾ ಇರ್ತದೆ, ಹಾಗಾಗಿ ಬದುಕುದು."

ತೋಡಾರಿನಿಂದ ಬರುತ್ತಿದ್ದ ಒಬ್ಬಳು ಬ್ಯಾರಿ ಹುಡುಗಿ ಒಮ್ಮೆ ಎದ್ದು ನಿಂತು ಅಪ್ಪನ ಮಾತೆತ್ತಿ ಕೇಳಿದಳು: "ಮೇಡಂ, ನಮ್ಮ ಉಪ್ಪ ಅರಿಷ್ಟ ಕುಡೀಲಿಕ್ಕೆ ಬಿಡುದಿಲ್ಲ. ಅದ್ರಲ್ಲಿ ಆಲ್ಕೋಹಾಲ್ ಉಂಟು, ನಮಗೆ ಆಗ್ಲಿಕ್ಕಿಲ್ಲ ಅಂತ ಹೇಳ್ತಾರೆ. ಹೌದಾ? ಅದು ಮದ್ದಲ್ವಾ?"

"ನಿನ್ನ ಉಪ್ಪ ಹೇಳಿದ್ದು ಸರಿ. ಕಷಾಯಕ್ಕೆ ಬೆಲ್ಲ ಹಾಕಿ, ಧಾತಕಿ ಹೂ ಹಾಕಿ, ಭರಣಿಯ ಬಾಯಿ ಕಟ್ಟಿ ಇಡ್ತಾರೆ. ನಮ್ಮ ಫ್ಲಾಸ್ಕಿನಲ್ಲಿ ಆದದ್ದೇ ಅಲ್ಲಿಯೂ ಆಗುದು. ಕಮ್ಮಿ ಇರ್ತದೆ, ಆದ್ರೆ ಇರ್ತದೆ." ಇದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ. ಅವರ ಗಂಡ ಸತ್ತದ್ದೂ ಅದೇ ವರ್ಷ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಅಲ್ಲಿಯವರೆಗೆ ನಾನು ಬರೀ ವಾಕ್ಯದಲ್ಲಿ ಬಳಸಲಿಕ್ಕೆ ಕಲಿಸುತ್ತಿದ್ದೆ.

ಗಂಡನಿಗೆ ಬಂಟ್ವಾಳ ಪೇಟೆಯಲ್ಲಿ ಪಂಪ್‌ಸೆಟ್ಟಿನ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರನ್ನು ಬಿಚ್ಚಿ ತಾಮ್ರದ ತಂತಿ ಸುತ್ತುವಾಗ ಆ ಮನುಷ್ಯನ ಬೆರಳು ನೋಡಬೇಕು, ಹೂ ಕಟ್ಟುವವರ ಬೆರಳಿನ ಹಾಗೆ. ಸಂಜೆಯಾದರೆ ಅದೇ ಬೆರಳು ನಡುಗುತ್ತಿತ್ತು, ಗ್ಲಾಸು ಹಿಡಿದ ಮೇಲೆ ಸುಮ್ಮನಾಗುತ್ತಿತ್ತು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಒಮ್ಮೆ ಹಾಗೇ ಬಂದು ಕೊನೆಯ ಸಾಲಿನಲ್ಲಿ ಕುಳಿತು, ಭಾಷಣದ ನಡುನಡುವೆ ಚಪ್ಪಾಳೆ ತಟ್ಟಿದರು. ಜನ ತಿರುಗಿ ತಿರುಗಿ ನೋಡಿದರು. ಮೇಡಂ ವೇದಿಕೆಯ ಪಕ್ಕದಿಂದ ಎದ್ದು ಇಡೀ ಸಭಾಂಗಣ ದಾಟಿ ಹೋಗಿ ಗಂಡನ ಪಕ್ಕ ಕುಳಿತರು. ಮುಂದಿನ ಸಲ ಅವರು ಚಪ್ಪಾಳೆ ತಟ್ಟಿದಾಗ ಇವರೂ ತಟ್ಟಿದರು.

"ಕುಡೀದಿದ್ರೆ ದೇವರಂಥ ಮನುಷ್ಯ" ಎಂದು ಸ್ಟಾಫ್‌ರೂಮಿನಲ್ಲಿ ಯಾರೋ ಸಮಾಧಾನ ಹೇಳಿದಾಗ ಅವರು ನಕ್ಕರು. "ದೇವರು ಬೇಡ ಮಾರಾಯ್ತಿ. ಸಂಜೆ ನೆಟ್ಟಗೆ ಮನೆಗೆ ಬರುವ ಮನುಷ್ಯ ಸಾಕು."

ಆ ಮನುಷ್ಯ ಒಂದು ದಿನ ನಿಜವಾಗಿಯೂ ನೆಟ್ಟಗೆ ಮನೆಗೆ ಬರಲು ಶುರುಮಾಡಿದರು. ಮೇಡಂ ಹಬ್ಬಕ್ಕೆ ಮಾಡುವ ಹಾಗೆ ಕೇದಗೆ ಎಲೆಯಲ್ಲಿ ಮೂಡೆ ಬೇಯಿಸಿ ಸ್ಟಾಫ್‌ರೂಮಿಗೆ ತಂದು ಹಂಚಿದರು. ಕಾರಣ ಹೇಳಲಿಲ್ಲ. ನಮಗೆ ಗೊತ್ತಾಯಿತು. ಇಡೀ ಸಿದ್ಧಕಟ್ಟೆಗೆ ಗೊತ್ತಿತ್ತು, ಹಾಗೆಂದು ಯಾರೂ ಬಾಯಿಬಿಟ್ಟು ಒಳ್ಳೆಯ ಮಾತಾಡಲಿಲ್ಲ. "ನೋಡುವ, ಎಷ್ಟು ದಿನ" ಎಂದರು.

ಅದರ ಹಿಂದಿನ ಸಂಗತಿ ಅವರು ನನಗೆ ಹೇಳಿದ್ದು ಬಹಳ ಕಾಲದ ಮೇಲೆ. ನಿವೃತ್ತಿಯ ದಿನ ಬೀಳ್ಕೊಡುಗೆ ಮುಗಿಸಿ, ಹಾರ, ಶಾಲು, ಫಲದ ಬುಟ್ಟಿ ಎಲ್ಲ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಿದ್ದೆವು. "ಇನ್ನಾದ್ರೂ ಅತ್ತೆಯನ್ನು ಅವರ ದೊಡ್ಡ ಮಗನ ಹತ್ತಿರ ಬಿಟ್ಟು ನಾಲ್ಕು ಊರು ತಿರುಗಿ ಬನ್ನಿ. ನೀವೇನು ಅವರನ್ನು ಕಟ್ಟಿಕೊಂಡು ಬಂದವರಾ?" ಎಂದೆ ನಾನು. ನನ್ನ ಬಾಯಿ ಸ್ವಲ್ಪ ಉದ್ದ.

ಅವರು ಕಿಟಕಿಯ ಹೊರಗೆ ನೋಡುತ್ತ ಹೇಳತೊಡಗಿದರು.

ಮಂಗಳೂರಿನ ಡಾಕ್ಟರೊಬ್ಬರು ಒಂದು ಮಾತ್ರೆ ಕೊಟ್ಟಿದ್ದರು. ಬೋರ್ಡಿನ ಮೇಲೆ ಎಳೆಯುತ್ತಿದ್ದ ಎರಡನೇ ಬಾಣವನ್ನು ಆ ಮಾತ್ರೆ ತಡೆಯುತ್ತದೆ. ಅದನ್ನು ತೆಗೆದುಕೊಳ್ಳುವವರು ಕುಡಿದರೆ ಆಲ್ಡಿಹೈಡ್ ಮುಂದೆ ಹೋಗದೆ ಮೈಯಲ್ಲೇ ತುಂಬುತ್ತದೆ. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಸಾಯುತ್ತೇನೆ ಅನಿಸುತ್ತದೆ. ಆ ಹೆದರಿಕೆಯೇ ಮದ್ದು. ರೋಗಿಗೆ ಹೇಳಿಯೇ ಕೊಡಬೇಕು, ಕದ್ದು ಕೊಡಬಾರದು ಎಂದು ಡಾಕ್ಟರು ಕಡ್ಡಿಮುರಿದಂತೆ ಹೇಳಿದ್ದರು. ಗಂಡ ಸ್ವಲ್ಪ ದಿನ ನುಂಗಿ, ಆಮೇಲೆ ನಾಲಗೆಯಡಿ ಇಟ್ಟುಕೊಂಡು ಹಿತ್ತಿಲಿಗೆ ಹೋಗಿ ಉಗುಳತೊಡಗಿದರು. ಇವರು ಅದನ್ನು ಅರೆದು ಬೆಳಗಿನ ಗಂಜಿಯ ಚಟ್ನಿಯಲ್ಲಿ ಬೆರೆಸಿದರು.

ವಿಟ್ಲದಲ್ಲಿ ಒಂದು ಮದುವೆ. ಗಂಡ ಅಲ್ಲಿ ಗೆಳೆಯರ ಜತೆ ಕುಡಿದು ಚಪ್ಪರದಲ್ಲೇ ಬಿದ್ದರು. ಎದ್ದ ಮೇಲೆ ಅದು ಮನೆಯ ದೈವದ ಮುನಿಸೆಂದು ನಂಬಿದರು. ದೈವದ ಗುಡಿಯ ಎದುರು ನಿಂತು, ಇನ್ನು ಮುಟ್ಟಿದರೆ ನನ್ನನ್ನು ಕೊಂಡುಹೋಗು ಎಂದು ಕೈಮುಗಿದು ಹೇಳಿದರು. ಆಮೇಲೆ ಮುಟ್ಟಲಿಲ್ಲ.

"ನಾನು ಪಕ್ಕದಲ್ಲೇ ನಿಂತಿದ್ದೆ. ದೈವ ಅಲ್ಲ, ಚಟ್ನಿ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ. ಮಾತ್ರೆಯಾದ್ರೂ ನಿಲ್ಲಿಸ್ಬೇಕಿತ್ತು. ಅದೂ ನಿಲ್ಲಿಸ್ಲಿಲ್ಲ. ಅವರ ಮಾತನ್ನು ನಾನು ನಂಬ್ಲಿಲ್ಲ, ಮಾತ್ರೆಯನ್ನು ನಂಬಿದೆ" ಎಂದರು ಮೇಡಂ.

ಅತ್ತೆ ಬೆಳ್ತಂಗಡಿ ಕಡೆಯವರು. ತವರಿನ ವೈದ್ಯರ ಅರಿಷ್ಟದ ಮೇಲೆ ಅವರಿಗೆ ದೇವರಿಗಿಂತ ಒಂದು ತೂಕ ಹೆಚ್ಚು ಭಕ್ತಿ. ಕುಡಿತ ಬಿಟ್ಟ ಮಗ ಸೊರಗಿದ್ದಾನೆಂದು, ಮೇಡಂ ಕಾಲೇಜಿಗೆ ಹೊರಟ ಮೇಲೆ ಮಗನಿಗೆ ದಿನವೂ ಅರಿಷ್ಟ ಕೊಡುತ್ತಿದ್ದರು. ಕುಡಿದ ಮೇಲೆ ಮಗನ ಮುಖ ಕೆಂಪಾಗುತ್ತಿತ್ತು, ಎದೆ ಡವಗುಟ್ಟುತ್ತಿತ್ತು. ತಾಯಿ ಅದನ್ನು ನಿಶ್ಶಕ್ತಿ ಎಂದುಕೊಂಡು ಅಳತೆ ಹೆಚ್ಚಿಸಿದರು. ಹೆಚ್ಚಿಸಿದಷ್ಟೂ ಆಯಾಸ ಹೆಚ್ಚಾಯಿತು. ಆಯಾಸ ಹೆಚ್ಚಾದಷ್ಟೂ ಮದ್ದು ಹೆಚ್ಚಾಯಿತು. ಅಡುಗೆಮನೆಯ ಕಟ್ಟೆಯ ಮೇಲೆ ಎಣ್ಣೆಯ ಬಾಟಲಿಗಳ ಸಾಲಿನಲ್ಲೇ ಅದೂ ಇತ್ತು. ಮೇಡಂ ದಿನಾ ನೋಡುತ್ತಿದ್ದರು. ಅತ್ತೆಯ ಅಜೀರ್ಣಕ್ಕೆ ಎಂದುಕೊಂಡಿದ್ದರಂತೆ.

ಅವರ ಗಂಡ ಸತ್ತ ದಿನ ನಾನು ಜತೆಗಿದ್ದೆ. ಸ್ಟಾಫ್‌ರೂಮಿಗೆ ಫೋನು ಬಂತು, ಇಬ್ಬರೂ ರಿಕ್ಷಾ ಮಾಡಿಕೊಂಡು ಓಡಿದೆವು. ನೆರೆಯವರು ಬಂಟ್ವಾಳದ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಮುಖ, ಕುತ್ತಿಗೆ ಎಲ್ಲ ದಾಸವಾಳದ ಹಾಗೆ ಕೆಂಪು. ಬಾಯಿಂದ ಹುಳಿಹುಳಿ ಘಾಟು. ಮೇಡಂ ಡಾಕ್ಟರಿಗೆ ಮಾತ್ರೆಯ ವಿಷಯ ಹೇಳಿದರು. "ಹಾಗಾದ್ರೆ ಇವರು ಕುಡೀಬಾರ್ದಿತ್ತಲ್ಲ" ಎಂದರು ಡಾಕ್ಟರು. ಕುಡಿದಿದ್ದಾರೆಂದು ಡಾಕ್ಟರಿಗೆ ಅನುಮಾನವಿರಲಿಲ್ಲ. ನಮಗೂ ಇರಲಿಲ್ಲ.

ಮೇಡಂ ಬಾಗಿ ಗಂಡನ ಕಿವಿಯ ಹತ್ತಿರ ಕೇಳಿದರು, "ಮತ್ತೆ ಕುಡಿದಿರಾ?"

ಆ ಮನುಷ್ಯ ಕಣ್ಣು ತೆರೆದು ಇವರನ್ನು ನೋಡಿ, ಇಲ್ಲ ಎಂದು ತಲೆಯಾಡಿಸಿದರು. ನಾನು ಮಂಚದ ಕಾಲಬಳಿ ನಿಂತಿದ್ದೆ, ಸ್ಪಷ್ಟವಾಗಿ ನೋಡಿದೆ. ಮೇಡಂ ನನ್ನ ಕಡೆ ತಿರುಗಿದರು. "ಸುಳ್ಳು ಹೇಳ್ತಾರೆ" ಎಂದರು. ಗಂಡನಿಗೆ ಕೇಳುವಷ್ಟು ದೊಡ್ಡದಾಗಿಯೇ ಅಂದರು. ಹೃದಯ ಮೊದಲೇ ಶಿಥಿಲವಾಗಿತ್ತಂತೆ. ಸಂಜೆಯೊಳಗೆ ಎಲ್ಲ ಮುಗಿಯಿತು.

ಮರುದಿನ ಸುಡುವ ಕೆಲಸ ಮುಗಿದ ಮೇಲೆ ಅತ್ತೆ ಸೊಸೆಯ ಕೈ ಹಿಡಿದು ಅತ್ತರು. "ಬೆಳಿಗ್ಗೆ ತಲೆ ತಿರುಗ್ತದೆ ಅಂದ. ಅರ್ಧ ಲೋಟ ಅರಿಷ್ಟ ಕುಡಿಸಿದೆ ಮಗಾ. ಅಷ್ಟು ಕೊಟ್ರೂ ಉಳೀಲಿಲ್ಲ." ಮೇಡಂ ಅಡುಗೆಮನೆಯ ಕಟ್ಟೆಯ ಕಡೆ ನೋಡಿದರು. ಅವರಿಗೆ ಎಲ್ಲ ತಿಳಿಯಿತು. ತೋಡಾರಿನ ಹುಡುಗಿಗೆ ಕೊಟ್ಟ ಉತ್ತರ ನೆನಪಾಯಿತಂತೆ, ಒಂದಕ್ಷರ ಬಿಡದೆ.

"ನಾನು ಕೊಂದದ್ದಾ, ಅತ್ತೆ ಕೊಂದದ್ದಾ ಅಂತ ಲೆಕ್ಕ ಮಾಡ್ಲಿಕ್ಕೆ ಹೋಗ್ಬೇಡಿ. ಎರಡು ಸೇರದೆ ರಿಯಾಕ್ಷನ್ ಆಗುದಿಲ್ಲ" ಎಂದರು ಬಸ್ಸಿನಲ್ಲಿ. ಆಮೇಲೆ, "ಇಲ್ಲ ಅಂತ ತಲೆ ಆಡ್ಸಿದ್ರಲ್ಲ. ನೀವೂ ನೋಡಿದ್ರಿ ಅಲ್ವಾ?" ಎಂದರು. ನೋಡಿದೆ ಎಂದೆ. ನನಗೆ ಅಳು ತಡೆಯಲಾಗಲಿಲ್ಲ. ಅವರು ಅಳಲಿಲ್ಲ. ಮಡಿಲಿನ ಬುಟ್ಟಿಯಿಂದ ಒಂದು ಮೂಸಂಬಿ ತೆಗೆದು ನನ್ನ ಕೈಗೆ ಕೊಟ್ಟರು.

ನಮ್ಮ ಕಡೆ ಸತ್ತವರಿಗೆ ಹದಿನಾರನೆಯ ದಿನ ಬೊಜ್ಜ. ಅವತ್ತು ಹೋದವರಿಗೆ ಬಡಿಸುವ ಕ್ರಮ ಉಂಟು. ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದು, ಕುಡಿಯುತ್ತಿದ್ದದ್ದು ಎಲ್ಲ ಇಟ್ಟು, ಬಾಗಿಲೆಳೆದು ಹೊರಗೆ ಕಾಯುತ್ತಾರೆ. ಗಂಡನ ಬೊಜ್ಜದ ದಿನ ಅತ್ತೆಯ ದೊಡ್ಡ ಮಗ, ಅಂದರೆ ಗಂಡನ ಅಣ್ಣ, ಒಂದು ಕ್ವಾರ್ಟರ್ ಬಾಟಲಿ ತಂದು ಎಲೆಯ ಪಕ್ಕ ಇಟ್ಟರು. ಮೇಡಂ ಮುಂದೆ ಬಂದು "ಆರ್ ಬುಡ್ದಿತ್ತೆರ್" ಎಂದರು. ಅವರು ಬಿಟ್ಟಿದ್ದರು ಎಂದರ್ಥ.

"ಬಿಟ್ಟವ ಹೀಗೆ ಸಾಯ್ತಾನಾ ಟೀಚರ್?" ಎಂದರು ಅಣ್ಣ. "ನಿಮ್ಮ ಕೆಮಿಸ್ಟ್ರಿ ಕಾಲೇಜಿಗಿರ್ಲಿ. ಸತ್ತವನ ಆಸೆ ಉಳೀಬಾರ್ದು."

ಉತ್ತರ ಹೇಳಬೇಕಾದರೆ ಪೂರ್ತಿ ಹೇಳಬೇಕು. ಪೂರ್ತಿ ಹೇಳಿದರೆ ಗೋಡೆಯಾಚೆ ಕುಳಿತ ತಾಯಿಗೆ, ಮಗನನ್ನು ಕೊಂದದ್ದು ತಾನು ಕುಡಿಸಿದ ಲೋಟ ಎಂದು ಗೊತ್ತಾಗಬೇಕು. ಮೇಡಂ ಹಿಂದೆ ಸರಿದು ನಿಂತರು. ಮದ್ಯ ಮುಟ್ಟುವುದಿಲ್ಲವೆಂದು ದೈವದೆದುರು ಮಾತುಕೊಟ್ಟು, ಆ ಮಾತು ಉಳಿಸಿಕೊಂಡೇ ಸತ್ತ ಮನುಷ್ಯನ ಎಲೆಗೆ ಎಲ್ಲರೂ ಸೇರಿ ಬ್ರಾಂಡಿ ಬಡಿಸಿದರು. ಪ್ರತಿ ವರ್ಷ ಹಿರಿಯರಿಗೆ ಬಡಿಸುವ ದಿನವೂ ಅದೇ ನಡೆಯಿತು. ಮೇಡಂ ಪ್ರತಿ ವರ್ಷವೂ ನಿಂತು ನೋಡಿದರು.

ಮಕ್ಕಳಿರಲಿಲ್ಲ. ಅತ್ತೆಯನ್ನು ಅವರೇ ನೋಡಿಕೊಂಡರು. ಮೀಯಿಸಿದರು, ತಲೆ ಬಾಚಿದರು, ಗಂಜಿ ಉಣಿಸಿದರು. ಕಟ್ಟೆಯ ಮೇಲಿನ ಅರಿಷ್ಟ ಮುಗಿದರೆ ಬೆಳ್ತಂಗಡಿಯಿಂದ ತಾವೇ ತರಿಸಿಕೊಡುತ್ತಿದ್ದರು. ಅದು ಹೇಗೆ ಆಗುತ್ತದೆ ನಿಮ್ಮಿಂದ ಎಂದು ನಾನು ಸಿಟ್ಟಿನಿಂದಲೇ ಕೇಳಿದ್ದೆ. "ತರದಿದ್ರೆ ಯಾಕೆ ಅಂತ ಕೇಳ್ತಾರೆ" ಎಂದರು. ತರಗತಿಯಲ್ಲಿ ಆ ಪಾಠ ಬಿಡಲಿಲ್ಲ. ಆದರೆ ಮೊದಲನೆಯ ಬಾಣ ಎಳೆದು ಸೀಮೆಸುಣ್ಣವನ್ನು ಮುಂದಿನ ಬೆಂಚಿನವರ ಕೈಗೆ ಕೊಡುತ್ತಿದ್ದರು. ಎರಡನೆಯದನ್ನು ಮಕ್ಕಳೇ ಬರೆಯಬೇಕಿತ್ತು.

ಅವತ್ತು ಬಸ್ಸಿಳಿಯುವ ಮೊದಲು ಅವರು ಹೇಳಿದ ಮಾತು ಇದು: "ಅತ್ತೆ ಹೋದ ಮೇಲೆ ಎಲ್ಲರ ಎದುರು ಹೇಳ್ತೇನೆ. ನನ್ನ ಮರ್ಯಾದೆ ಹೋಗ್ಲಿ, ಕೇಸಾಗುದಾದ್ರೆ ಆಗ್ಲಿ. ಒಂದು ಸಲವಾದ್ರೂ ಅವರ ಎಲೆಗೆ ಆ ಬಾಟ್ಲಿ ಇಡದೆ ಬಡಿಸ್ಬೇಕು." ಅತ್ತೆಗೆ ಆಗಲೇ ಎಂಬತ್ತು ದಾಟಿತ್ತು. ಕಾಯುವುದು ಹೆಚ್ಚೇನಲ್ಲ ಎಂದು ಇಬ್ಬರಿಗೂ ಅನಿಸಿತ್ತು. ಸಾವಿಗೆ ವಯಸ್ಸಿನ ಸರದಿ ಗೊತ್ತಿಲ್ಲ. ಅತ್ತೆ ಉಳಿದರು, ಸೊಸೆ ಹೋದರು.

ಮೊನ್ನೆ ಮೇಡಂ ಅವರ ಬೊಜ್ಜ. ನಾನು ಹೋಗಿದ್ದೆ. ಹೊಸದಾಗಿ ಹೋದವರನ್ನು ಹಿಂದೆ ಹೋದವರ ಜತೆ ಸೇರಿಸಬೇಕಾದ್ದರಿಂದ ಒಳಕೋಣೆಯಲ್ಲಿ ಗಂಡನಿಗೂ ಎಲೆ ಹಾಕಿದ್ದರು. ಹೆಂಡತಿಯ ಎಲೆಗೆ ಏನಿಡುವುದೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪಲ್ಯ, ಸಾರು, ಪಾಯಸ, ಎಲ್ಲರಿಗೂ ಇಡುವುದನ್ನೇ ಇಟ್ಟರು. ಗಂಡನ ಎಲೆಯ ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಅಣ್ಣನವರು ಚೀಲದಿಂದ ಬಾಟಲಿ ತೆಗೆದರು.

ನನಗೆ ತಡೆಯಲಾಗಲಿಲ್ಲ. ಎದ್ದು ಬಾಗಿಲ ಹತ್ತಿರ ಹೋದೆ. "ಅದು ಇಡ್ಬೇಡಿ. ಅವರು ಕುಡಿತ ಬಿಟ್ಟಿದ್ರು. ಸಾಯುವ ದಿನವೂ ಕುಡಿದಿರ್ಲಿಲ್ಲ."

ನೆಂಟರೆಲ್ಲ ನನ್ನನ್ನೇ ನೋಡಿದರು. ಅಣ್ಣನವರು ಬಾಟಲಿ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, "ನಿಮಗೆ ಹೇಗೆ ಗೊತ್ತು?" ಎಂದರು. ಹಳೆಯ ಜೋರು ಆ ದನಿಯಲ್ಲಿರಲಿಲ್ಲ. ಇನ್ನೊಂದು ಮಾತು ಹೇಳಿದ್ದರೆ ಸಾಕಿತ್ತು, ಅವರು ಬಾಟಲಿಯನ್ನು ಚೀಲಕ್ಕೆ ಹಾಕುತ್ತಿದ್ದರು.

ಚಾವಡಿಯ ಕುರ್ಚಿಯಿಂದ ಮುದುಕಿ ಕೈ ಚಾಚಿದರು. "ಯಾರದು, ಟೀಚರ್ ಒಟ್ಟಿಗೆ ಬಸ್ಸಲ್ಲಿ ಹೋಗ್ತಿದ್ದವಳಾ? ಬಾ ಇಲ್ಲಿ."

ಹೋದೆ. ಆಕೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬಿಟ್ಟಿದ್ದ ಮಗಾ. ನನಗೂ ಗೊತ್ತುಂಟು. ಇವರು ಯಾರೂ ನಂಬುದಿಲ್ಲ, ನಾನು ತಾಯಿ, ನನಗೆ ಗೊತ್ತಾಗುದಿಲ್ವಾ? ಆ ದಿನ ಯಾರೋ ಅವನಿಗೆ ಏನೋ ಕುಡಿಸಿದ್ದಾರೆ. ಅದು ಯಾರು ಅಂತ ಟೀಚರ್ ನಿನ್ನತ್ರ ಹೇಳಿದ್ದಾಳಾ?"

ಮಂಜುಗಣ್ಣು ನನ್ನ ಮುಖವನ್ನು ಹುಡುಕುತ್ತಿತ್ತು. ಅಣ್ಣನವರು ಬಾಗಿಲಲ್ಲಿ ಕಾಯುತ್ತಿದ್ದರು.

"ಇಲ್ಲಮ್ಮ. ನನಗೆ ಗೊತ್ತಿಲ್ಲ. ಕುಡಿದೇ ಇರ್ಬೇಕು" ಎಂದೆ.

ಅಣ್ಣನವರು ಒಳಗೆ ಹೋಗಿ ಎರಡು ಎಲೆಗಳ ನಡುವೆ ಬಾಟಲಿ ಇಟ್ಟು ಬಂದು ಬಾಗಿಲೆಳೆದರು. ಗಂಡನೂ ಹೆಂಡತಿಯೂ ಒಳಗೆ ಅದರ ಎದುರು ಊಟಕ್ಕೆ ಕುಳಿತಿದ್ದಾರೆಂದು ನಾವೆಲ್ಲ ಹೊರಗೆ ಕಾಯುತ್ತ ನಿಂತೆವು.